ಮೂಡುಬಾಗಿಲ ಎರಡು ತೊಟ್ಟಿ

ಕಡಲೇರಿದ ನೂರ ತೊಂಬತ್ತೊಂದನೆಯ ವರ್ಷ,
ಬಿಳಿನೀರು ತಿಂಗಳ ಮೂವತ್ತನಾಲ್ಕನೆಯ ದಿನ,
ಬೀಜಮನೆ, ಮೇಲ್ಗಂಗೊಳ್ಳಿ.

ಹಿಂದಿನವರಿಗೆ,

ಹಿನ್ನೋಲೆಯನ್ನು 'ಮಾನ್ಯರೇ' ಎಂದು ಆರಂಭಿಸಬೇಕೆಂಬುದು ನಮ್ಮಲ್ಲಿ ಪದ್ಧತಿ. ನಾನು ಆರಂಭಿಸುವುದಿಲ್ಲ. ನಿಮ್ಮಲ್ಲಿ ಮಾನ್ಯವಾದದ್ದು ಏನಿತ್ತೆಂದು ನನಗೆ ಇದುವರೆಗೆ ತಿಳಿದುಬಂದಿಲ್ಲ. ನಮ್ಮ ಮಾತು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು ಎಂದು ಬರೆಯುವುದೂ ಪದ್ಧತಿ. ಅದನ್ನು ಬರೆದಿದ್ದೇನೆ, ಮುಗಿಯಿತು. ಹಿನ್ನೋಲೆ ಎಂದರೆ ಹಿಂದಕ್ಕೆ ಬರೆಯುವ ಓಲೆ. ನಮ್ಮ ಕರಾವಳಿಯ ಪ್ರತಿಯೊಂದು ಕಸುಬಿನ ಮನೆಯಿಂದ ಹತ್ತು ವರ್ಷಕ್ಕೆ ಒಬ್ಬರು ನಿಮ್ಮ ಕಾಲದವರಿಗೆ ಒಂದು ಓಲೆ ಬರೆದು, ಮಡಕೆಯೊಳಗಿಟ್ಟು, ಬಾಯಿಗೆ ಮೇಣ ಮೆತ್ತಿ, ಮುಳುಗಿದ ಗಂಗೊಳ್ಳಿಯ ನೆತ್ತಿಯ ಮೇಲೆ ನೀರಿಗೆ ಬಿಡುತ್ತಾರೆ. ಅದು ನಿಮ್ಮನ್ನು ತಲುಪುತ್ತದೆಂದು ನಂಬುವ ಪೆದ್ದರು ಇಲ್ಲಿ ಯಾರೂ ಇಲ್ಲ. ಬೈದುಕೊಳ್ಳಲು ಒಂದು ಜಾಗ ಬೇಕು, ಅಷ್ಟೇ. ಈ ಸಲ ಬೀಜಮನೆಯ ಸರದಿ. ನಾನು ಸಾಧು ಖಾರ್ವಿ. ಕಳೆದ ವರ್ಷದವರೆಗೆ, ಹದಿನೆಂಟು ವರ್ಷ, ಈ ಬೀಜಮನೆಯ ಯಜಮಾನ್ತಿಯಾಗಿದ್ದೆ.

ನಾವು ಬೆಳೆಯುವುದನ್ನು ನೀವು ಕಡಲಕಳೆ ಎಂದು ಕರೆಯುತ್ತಿದ್ದಿರಂತೆ. ಕಳೆ! ಗದ್ದೆಯ ಬದುವಿನಿಂದ ಕಿತ್ತು ಎಸೆಯುವ ಹುಲ್ಲಿಗೆ ಇಡುವ ಹೆಸರನ್ನು ಇದಕ್ಕೆ ಇಟ್ಟಿರಿ. ದಂಡೆಗೆ ಬಂದು ಬಿದ್ದರೆ ಮೂಗು ಮುಚ್ಚಿಕೊಂಡು ದಾಟಿ ಹೋಗುತ್ತಿದ್ದಿರಂತೆ. ನಾವು ಅದನ್ನು ಪೈರು ಎನ್ನುತ್ತೇವೆ. ಒಣಗಿಸಿ ಹುಡಿ ಮಾಡಿ ಹುರುಳಿ ಹಿಟ್ಟಿನೊಂದಿಗೆ ಕಲಸಿ ರೊಟ್ಟಿ ತಟ್ಟುತ್ತೇವೆ, ಬೇಯಿಸಿದ ಲೋಳೆಯನ್ನು ಹಲ್ಲಿಲ್ಲದ ಮುದುಕರಿಗೂ ಹಲ್ಲು ಬರದ ಮಕ್ಕಳಿಗೂ ಕುಡಿಸುತ್ತೇವೆ. ಅನ್ನ ಉಣ್ಣುವುದು ವರ್ಷಕ್ಕೆ ಎರಡು ಹಬ್ಬಕ್ಕೆ. ಬೆಳಗ್ಗೆ ಸೂರ್ಯ ಏರಿದ ಮೂರು ತಾಸಿಗೆ ಹೊರಗಿನ ಕೆಲಸವೆಲ್ಲ ಮುಗಿಯಬೇಕು, ಆಮೇಲೆ ಮುಚ್ಚುಹೊತ್ತು. ಅಂದರೆ ಎರಡು ಮೊಳ ದಪ್ಪದ ಮುರಕಲ್ಲಿನ ಗೋಡೆಯ ಹಿಂದೆ ಎಲ್ಲರೂ ಕದವಿಕ್ಕಿಕೊಂಡು, ಬಿಸಿಲು ಪಡುವಣಕ್ಕೆ ವಾಲುವವರೆಗೆ ಹಗ್ಗ ಹೊಸೆಯುತ್ತ ಕೂರುವ ಹೊತ್ತು. ಆ ಹೊತ್ತಿನಲ್ಲಿ ಹೊರಗೆ ನಾಯಿ ಕೂಡ ಇರುವುದಿಲ್ಲ. ಹಾಗೆ ಹೊಸೆದ ತೆಂಗಿನ ನಾರಿನ ಹಗ್ಗಗಳನ್ನು ಮೂರು ಬಂದರಿನವರು ಬೀಜಮನೆಗೆ ತರುತ್ತಾರೆ: ನಮ್ಮ ಮೇಲ್ಗಂಗೊಳ್ಳಿ, ಬಡಗಿನ ಮೇಲ್ಮರವಂತೆ, ತೆಂಕಿನ ಕೋಡಿ. ನಾವು ಆ ಹಗ್ಗಗಳಿಗೆ ಬೀಜ ಹಿಡಿಸಿ ಕೊಡಬೇಕು. ಕೊಟ್ಟರೆ ಅವರು ಕಡಲಲ್ಲಿ ಕಟ್ಟುತ್ತಾರೆ, ನಾಲ್ಕು ತಿಂಗಳಿಗೆ ಒಬ್ಬೊಬ್ಬರ ಹಗ್ಗವೂ ಎತ್ತಲಾರದಷ್ಟು ಭಾರವಾಗುತ್ತದೆ. ಕೊಡದಿದ್ದರೆ ಆ ವರ್ಷ ಊಟವಿಲ್ಲ.

ಬೀಜ ಹಿಡಿಸುವ ಕೆಲಸವನ್ನು ನಿಮ್ಮಂಥವರಿಗೂ ಅರ್ಥವಾಗುವಂತೆ ಹೇಳುತ್ತೇನೆ. ಮಳೆ ನಿಂತ ಮೇಲೆ, ತಾಯಿಕೊಳದಲ್ಲಿ ಸಾಕಿದ ಬಲಿತ ಪೈರನ್ನು ತೆಗೆದು, ನೆರಳಲ್ಲಿ ಒಂದು ತಾಸು ಬಾಡಿಸಿ, ಶುದ್ಧ ಕಡಲನೀರಿನ ತೊಟ್ಟಿಗೆ ಹಾಕುತ್ತೇವೆ. ಒಂದು ಹಗಲು ಕಳೆಯುವುದರೊಳಗೆ ಅದರಿಂದ ಕೆಂಪು ಹುಡಿಯಂತೆ ಕಣಗಳು ಉದುರುತ್ತವೆ, ತೊಟ್ಟಿಯ ತಳದಲ್ಲಿ ಸುತ್ತಿಟ್ಟ ಹಗ್ಗಕ್ಕೆ ಅಂಟಿಕೊಳ್ಳುತ್ತವೆ. ಅಲ್ಲಿಂದ ನಲವತ್ತು ದಿನ ಅವು ಬದುಕಬೇಕು. ಬಲಿತ ಪೈರು ಗಟ್ಟಿ ಜೀವ, ಬಿಸಿಲು ತಡೆಯುತ್ತದೆ, ಅಲೆ ತಡೆಯುತ್ತದೆ. ಕಣಕ್ಕೆ ಅದೇನೂ ಇಲ್ಲ. ಬೆಳಕು ಒಂದು ಚೂರು ಹೆಚ್ಚಾದರೆ ಬಿಳುಚಿಕೊಂಡು ಸಾಯುತ್ತದೆ, ಒಂದು ಚೂರು ಕಡಿಮೆಯಾದರೆ ಹಸಿದು ಸಾಯುತ್ತದೆ. ನೀರು ತಂಪಾಗಿದ್ದರೆ ಈ ಹೆಚ್ಚು ಕಡಿಮೆಯ ನಡುವೆ ಜಾಗ ಬೇಕಾದಷ್ಟಿದೆ. ಬಿಸಿಯಾದಷ್ಟೂ ಆ ಜಾಗ ಕಿರಿದಾಗುತ್ತ ಹೋಗುತ್ತದೆ. ನಾವು ಬೆಳಕನ್ನು ಬಟ್ಟೆಯಲ್ಲಿ ಅಳೆಯುತ್ತೇವೆ. ತೊಟ್ಟಿಯ ಮೇಲೆ ಐದು ಪದರ ಬಟ್ಟೆ ಹಾಸಿದರೆ ಐದು ಬಟ್ಟೆಯ ಬೆಳಕು. ಮೊದಲ ಮೂರು ದಿನ ಐದು ಬಟ್ಟೆ, ಆಮೇಲೆ ವಾರಕ್ಕೊಂದರಂತೆ ತೆಗೆಯುವುದು. ನೀರನ್ನು ಬೆಟ್ಟದ ಬುಡದ ಸುರಂಗದೊಳಗಿನಿಂದ ಹರಿಸಿ ತಂದು ಇಪ್ಪತ್ತೈದು ಇಪ್ಪತ್ತಾರು ಡಿಗ್ರಿಯಲ್ಲಿ ಇಡುವುದು.

ಇದೆಲ್ಲ ನಮಗೆ ಸಿಕ್ಕಿದ್ದು ನಿಮ್ಮ ಕಾಲದ ಒಂದು ಪುಸ್ತಕದಿಂದ. ಯಾವುದೋ ಪ್ರಯೋಗಶಾಲೆಯ ವರದಿ. ಮೊದಲ ಹಾಳೆ ಹರಿದುಹೋಗಿರುವುದರಿಂದ ಬರೆದವರ ಹೆಸರು ಉಳಿದಿಲ್ಲ, ಅದು ಅವರ ಪುಣ್ಯ. ಎಳೆಯ ಪೈರಿನ ಮೇಲೆ ಬೆಳಕು ಮತ್ತು ಶಾಖದ ಪರಿಣಾಮ ಎಂಬ ವಿಷಯಕ್ಕೆ ಅದರಲ್ಲಿ ಹನ್ನೊಂದು ಪುಟ ಇದೆ. ಯಾರ ಯಾರ ಉಪಕಾರದಿಂದ ಈ ಕೆಲಸ ನಡೆಯಿತೆಂದು ನೆನೆಯುವುದಕ್ಕೆ ಎರಡು ಪುಟ. ಇಪ್ಪತ್ತು ಡಿಗ್ರಿಯಲ್ಲಿ ಏನಾಯಿತು, ಇಪ್ಪತ್ತೈದರಲ್ಲಿ ಏನಾಯಿತು ಎಂದು ಕೋಷ್ಟಕ ಮಾಡಿದ್ದಾರೆ. ಮೂವತ್ತರ ಸಾಲಿನಲ್ಲಿ ಹೀಗಿದೆ: 'ಬೆಳವಣಿಗೆ ತೃಪ್ತಿಕರವಾಗಿಲ್ಲದ ಕಾರಣ ಪ್ರಯೋಗವನ್ನು ನಿಲ್ಲಿಸಲಾಯಿತು.' ಅಲ್ಲಿಗೆ ಕೋಷ್ಟಕ ಮುಗಿಯಿತು. ನಿಲ್ಲಿಸಲಾಯಿತು! ಯಾರು ನಿಲ್ಲಿಸಿದರು? ನಿಮ್ಮ ಬರಹದಲ್ಲಿ ಯಾರೂ ಏನನ್ನೂ ಮಾಡುವುದಿಲ್ಲ. ಎಲ್ಲವೂ ಮಾಡಲಾಗುತ್ತದೆ, ಗಮನಿಸಲಾಗುತ್ತದೆ, ಕೈಬಿಡಲಾಗುತ್ತದೆ. ಕಡಲು ದಿನದಿನಕ್ಕೂ ಬಿಸಿಯಾಗುತ್ತಿದೆ ಎಂದು ಅದೇ ಪುಸ್ತಕದ ಮೂರನೆಯ ಪುಟದಲ್ಲಿ ಬರೆದಿದ್ದಾರೆ. ಬರೆದವರೇ ಮೂವತ್ತಕ್ಕೆ ತೊಟ್ಟಿ ಚೆಲ್ಲಿ, ಕೈ ತೊಳೆದುಕೊಂಡು, ಊಟಕ್ಕೆ ಎದ್ದಿದ್ದಾರೆ. ಸತ್ತ ಕಣಗಳು ಹೇಗೆ ಸತ್ತವು, ಯಾವ ಬೆಳಕಿನಲ್ಲಿ ಎಷ್ಟು ದಿನಕ್ಕೆ ಸತ್ತವು, ಯಾವ ಮೂಲೆಯಲ್ಲಿ ನಾಲ್ಕು ಉಳಿದವು ಎಂದು ಇನ್ನೊಂದೇ ಒಂದು ಸಾಲು ಬರೆಯಲು ಆ ಮಹಾನುಭಾವರಿಗೆ ಬೇಸರ. ಹದಿನೆಂಟು ವರ್ಷ ನಾನು ಆ ಪುಸ್ತಕವನ್ನು ಬಗಲಲ್ಲಿಟ್ಟುಕೊಂಡು ಓಡಾಡಿದೆ, ಹದಿನೆಂಟು ವರ್ಷವೂ ನಿಮ್ಮನ್ನು ಬೈದೆ.

ಕಳೆದ ವರ್ಷ ಮಳೆ ಇಪ್ಪತ್ತು ದಿನ ಮೊದಲೇ ನಿಂತಿತು. ಸುರಂಗದ ನೀರು ಬೆಚ್ಚಗೆ ಬರತೊಡಗಿತು. ಬಿಳಿನೀರು ಎಂದರೆ ಮಳೆಯ ನಂತರ ಕಡಲು ಕಾದು, ತೆಳು ಹಾಲಿನಂತೆ ಕಾಣುವ, ನಮ್ಮ ಲೆಕ್ಕದಲ್ಲಿ ನಲವತ್ತು ದಿನದ ತಿಂಗಳು. ಅದು ಸಾಮಾನ್ಯಕ್ಕಿಂತ ಮೊದಲೇ ಕಾಲಿಟ್ಟಿತು. ಮಧ್ಯಾಹ್ನ ತೊಟ್ಟಿಯ ನೀರಿಗೆ ಗಾಜಿನ ಕಡ್ಡಿ ಇಳಿಸಿ ನೋಡಿದರೆ ಮೂವತ್ತೊಂದು, ಮೂವತ್ತೆರಡು. ಪುಸ್ತಕ ಬಾಯಿ ಮುಚ್ಚಿಕೊಂಡಿತ್ತು. ನಾನು ನನ್ನ ತಲೆಯಿಂದಲೇ ಲೆಕ್ಕ ಹಾಕಿದೆ: ಬಿಸಿಯೂ ಕೆಟ್ಟದ್ದು, ಬೆಳಕೂ ಕೆಟ್ಟದ್ದು, ಬಿಸಿಯನ್ನು ತಡೆಯಲಾಗದಿದ್ದರೆ ಬೆಳಕನ್ನಾದರೂ ತಡೆಯಬೇಕು. ಹದಿನೆಂಟು ತೊಟ್ಟಿಗಳಿಗೂ, ಬಂದರಿಗೆ ಆರರಂತೆ, ಏಳು ಬಟ್ಟೆ ಹಾಸಿಸಿದೆ. ಕಿಟಕಿಗೆ ತಟ್ಟಿ ಕಟ್ಟಿಸಿದೆ. ಬೀಜಮನೆಯ ಒಳಗೆ ಎದುರಿನವರ ಮುಖ ಕಾಣದಷ್ಟು ಕತ್ತಲೆ.

ನೀರು ಬದಲಿಸುವ ಕೆಲಸಕ್ಕೆ ಮೂಕಾಂಬು ಎಂಬ ಹೆಂಗಸಿದ್ದಳು. ನನಗಿಂತ ಹತ್ತು ವರ್ಷ ಚಿಕ್ಕವಳು. ಹೆಸರಿನಲ್ಲಿ ಮಾತ್ರ ಮೂಕಿ. ಬೆಳಗ್ಗೆ ಬಂದವಳು ಬಾಯಿ ತೆರೆದರೆ ಮುಚ್ಚುಹೊತ್ತಿನವರೆಗೆ ಮುಚ್ಚುತ್ತಿರಲಿಲ್ಲ. ಓದಲು ಬಾರದು. ಗಾಜಿನ ಕಡ್ಡಿಯನ್ನು ತಲೆಕೆಳಗೆ ಹಿಡಿಯುವವಳು. ನಾನು ಅವಳನ್ನು ಒಂದು ಮೊರದಂತೆಯೋ ಕೊಡದಂತೆಯೋ ನೋಡುತ್ತಿದ್ದೆನೇ ಹೊರತು ಬೇರೆ ರೀತಿಯಲ್ಲಿ ನೋಡಿದ ನೆನಪಿಲ್ಲ. ಅವಳಿಗೆ ಒಂದು ಕೆಟ್ಟ ಅಭ್ಯಾಸವಿತ್ತು: ಬೆಳಗ್ಗೆ ನಾನು ತಾಯಿಕೊಳದ ಕಡೆ ಹೋದಾಗ ಮೂಡುಬಾಗಿಲನ್ನು ತೆರೆದಿಟ್ಟು ಹೊರಗೆ ಯಾರೊಂದಿಗೋ ಹರಟುತ್ತಿದ್ದಳು. ಎರಡು ಸಲ ಹಿಡಿದು ಬೈದಿದ್ದೆ.

ಒಂಬತ್ತನೆಯ ದಿನ ತೊಟ್ಟಿಗಳ ಬಟ್ಟೆ ಸರಿಸಿ ನೋಡಿದೆ. ಕೆಂಪು ಹುಡಿ ಹೋಗಿ ಹಗ್ಗ ಬರಿದಾಗಿತ್ತು. ಒಂದನೆಯದು, ಎರಡನೆಯದು, ಐದನೆಯದು, ಹತ್ತನೆಯದು, ಎಲ್ಲದರಲ್ಲೂ ಮಾಸಲು ನೀರು, ಬರಿಯ ನಾರು. ಆ ದಿನ ಹಗ್ಗ ನೋಡಲು ಮೂರು ಬಂದರಿನ ಮಂದಿ ಬಂದಿದ್ದರು, ಕೋಡಿಯ ಗುರಿಕಾರ ಬಸವ ಖಾರ್ವಿಯೂ ಇದ್ದ. ಗುರಿಕಾರ ಎಂದರೆ ಬಂದರಿನ ಹಿರಿಯ. ಎಲ್ಲರ ಕಣ್ಣು ನನ್ನ ಮೇಲೆ. ನಾನು ಹದಿನಾರನೆಯ ತೊಟ್ಟಿಯವರೆಗೆ ನೋಡಿ ನಿಂತೆ, ಮುಂದೆ ನೋಡುವ ಮನಸ್ಸಾಗಲಿಲ್ಲ. ಮೂಡುಬಾಗಿಲ ಸಂದಿಯಿಂದ ಒಂದು ಗೆರೆ ಬೆಳಕು ನೆಲದ ಮೇಲೆ ಬಿದ್ದಿತ್ತು.

"ಇದ್ ಯಾರ್ ಮಾಡಿದ್ ಕೆಲ್ಸ ಅಂತ ಎಲ್ರೂ ಕಾಣಿ," ಎಂದು ನಾನು ಕೂಗಿದೆ. "ಏಳ್ ಬಟ್ಟೆ ಹಾಕಿ ನಾ ಕಾಯುದ್, ಈ ಮೂಕಾಂಬು ಬಾಗ್ಲ್ ತೆಗ್ದ್ ಬಿಸ್ಲ್ ಬಿಡುದ್."

ಮೂಕಾಂಬು ಕೊಡ ಕೆಳಗಿಟ್ಟಳು. "ಯಜಮಾನ್ತ್ರೆ, ಬಾಗ್ಲ್ ಹತ್ರದ್ ಎರಡ್ ತೊಟ್ಟಿ ಒಂದ್ ಸಲ ಕಾಣಿ. ನಾ ಸುಳ್ಳ್ ಹೇಳುದಲ್ಲ."

"ನಿನ್ ಬಾಯಿ, ನಿನ್ ಬಾಗ್ಲ್, ಎರಡೂ ಮುಚ್ಚುದಿಲ್ಲ. ನಾಳಿಂದ ಬಪ್ಪುದ್ ಬ್ಯಾಡ."

"ಒಂದ್ ಸಲ ಕಾಣಿ ಅಂದೆ, ಅಷ್ಟೇ," ಎಂದಳು ಅವಳು. ನಾನು ನೋಡಲಿಲ್ಲ. ಹದಿನೆಂಟೂ ತೊಟ್ಟಿಗಳ ನೀರು ಚೆಲ್ಲಿ ಹಗ್ಗಗಳನ್ನು ಹಿತ್ತಿಲ ಗೋಡೆಯ ಪಕ್ಕಕ್ಕೆ ಎಸೆಯಲು ಹೇಳಿದೆ. ಅವಳು ಮಾತಿಲ್ಲದೆ ಮೆಟ್ಟಿಲಿಳಿದು ಹೋದಳು. ಅವಳು ಮಾತಿಲ್ಲದೆ ಇದ್ದದ್ದನ್ನು ನಾನು ಕಂಡದ್ದು ಅದೇ ಮೊದಲು.

ಎರಡನೆಯ ಸಲ ಬೀಜ ಹಿಡಿಸುವಾಗ ಬಸವ ಖಾರ್ವಿ ಬಂದು ಕೈ ಮುಗಿದು ಕೇಳಿದ: "ಸಾಧಕ್ಕ, ಇಷ್ಟ್ ಕತ್ಲಿಯಂಗೆ ಇಟ್ರೆ ಯಾವ್ದ್ ಬೆಳಿತ್ತ್? ಒಂಚೂರ್ ಬೆಳ್ಕ್ ಕಾಣ್ಸಿ ಮಾರಾಯ್ರೆ." ಕತ್ತಲೆಯಿಂದ ಸತ್ತವೋ ಬೆಳಕಿನಿಂದ ಸತ್ತವೋ ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವ ಬದಲು, ಅವನ ಮಾತಿಗೆ ಮರ್ಯಾದೆ ಕೊಟ್ಟವಳಂತೆ, ಒಂದೇ ಬಟ್ಟೆ ಹಾಸಿ ಕಿಟಕಿಯ ತಟ್ಟಿಗಳನ್ನೆಲ್ಲ ಬಿಚ್ಚಿಸಿದೆ. ಎರಡನೆಯ ದಿನಕ್ಕೆ ಹಗ್ಗಗಳು ಉಪ್ಪು ಸವರಿದಂತೆ ಬೆಳ್ಳಗಾದವು. ಬೆರಳಲ್ಲಿ ಮುಟ್ಟಿದರೆ ಹಿಟ್ಟಿನಂತೆ ಉದುರಿತು. ಬಸವ ನೋಡಿ, ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಮತ್ತೆ ಸುತ್ತಿಕೊಂಡ. ತಾಯಿಕೊಳದಲ್ಲಿ ಇನ್ನು ಉಳಿದಿದ್ದ ಬಲಿತ ಪೈರು ಒಂದು ಸಲಕ್ಕೆ ಮಾತ್ರ ಸಾಕು, ಹದಿನೆಂಟು ತೊಟ್ಟಿಗೆ. ಅದೂ ತಪ್ಪಿದರೆ ಮತ್ತೆ ಇಲ್ಲ.

ಅದರ ಮಾರನೆಯ ಬೆಳಗ್ಗೆ, ಬೆಳ್ಳಗಾದ ಹಗ್ಗಗಳನ್ನು ಹಿತ್ತಿಲಿಗೆ ಹಾಕಿಸುವಾಗ, ಮೊದಲಿನ ರಾಶಿಯತ್ತ ಕಣ್ಣು ಹೋಯಿತು. ಒಣಗಿ ಕಡ್ಡಿಯಾಗಿದ್ದ ಹಗ್ಗಗಳ ನಡುವೆ ಎರಡು ಸುರುಳಿ ಬೇರೆ ಬಣ್ಣದಲ್ಲಿದ್ದವು. ತೊಟ್ಟಿಯ ಸಂಖ್ಯೆ ಬರೆದ ಮರದ ಬಿಲ್ಲೆ ಇನ್ನೂ ಅವಕ್ಕೆ ಕಟ್ಟಿತ್ತು: ಹದಿನೇಳು, ಹದಿನೆಂಟು. ಮೂಡುಬಾಗಿಲ ಬಳಿಯ ಎರಡು ತೊಟ್ಟಿ. ಒಳಗೆ ಒಯ್ದು ದೊಡ್ಡದಾಗಿ ಕಾಣುವ ಗಾಜಿನಡಿ ಹಿಡಿದೆ. ನಾರಿನ ಉದ್ದಕ್ಕೂ ಕೆಂಪು ಚುಕ್ಕಿಗಳು, ಒತ್ತೊತ್ತಾಗಿ, ಕೆಲವು ಎರಡು ಕವಲಾಗಿ ಒಡೆದಿದ್ದವು. ಬದುಕಿದ್ದವು. ನಾನು ನೀರು ಚೆಲ್ಲಿಸುವವರೆಗೂ ಬದುಕಿದ್ದವು.

ಆಗಲೇ ನನಗೆ ಎಲ್ಲ ತಿಳಿಯಿತು, ಒಂದನ್ನು ಬಿಟ್ಟು. ಬಿಸಿ ನೀರಿನಲ್ಲಿ ಕಣದ ಉಸಿರಾಟ ಜೋರಾಗುತ್ತದೆ, ಉಸಿರು ಜೋರಾದರೆ ಹಸಿವು ಹೆಚ್ಚು, ಅದಕ್ಕೆ ಊಟವೆಂದರೆ ಬೆಳಕು. ಏಳು ಬಟ್ಟೆಯ ಕತ್ತಲೆಯಲ್ಲಿ ಅವು ಹಸಿದು ಸತ್ತವು. ಕಾದ ನೀರಿನಲ್ಲಿ ಹಗಲಿಡೀ ಬೆಳಕು ಸುರಿದಾಗ ಸುಟ್ಟು ಸತ್ತವು. ಮೂಡುಬಾಗಿಲಿನಿಂದ ಬಂದದ್ದು ಬೆಳಗಿನ ಸ್ವಲ್ಪ ಹೊತ್ತಿನ ಬೆಳಕು. ಎಷ್ಟು ಹೊತ್ತು? ಯಾವಾಗಿನಿಂದ ಯಾವಾಗಿನವರೆಗೆ? ಅದೊಂದು ತಿಳಿಯದೆ ಕಡೆಯ ಪೈರನ್ನು ತೊಟ್ಟಿಗೆ ಹಾಕುವಂತಿರಲಿಲ್ಲ. ಅದು ಗೊತ್ತಿದ್ದದ್ದು ಇಡೀ ಕರಾವಳಿಯಲ್ಲಿ ಒಬ್ಬಳಿಗೆ. ಅವಳ ಮನೆ ಬೀಜಮನೆಯಿಂದ ಕೂಗಳತೆಯಲ್ಲಿ, ಉಪ್ಪಿನ ಹೊಂಡಗಳ ಈಚೆಗೆ.

ನಾನು ಹೋಗಲಿಲ್ಲ. ಒಂದು ದಿನವಲ್ಲ, ಎರಡು ದಿನವಲ್ಲ, ಹನ್ನೊಂದು ದಿನ. ಕೊಡ ಹೊರುವವಳ ಮನೆಯ ಮುಂದೆ ಹೋಗಿ ನಿಂತು, ನನ್ನ ಬೀಜಮನೆಯಲ್ಲಿ ಏನಾಯಿತೆಂದು ನನಗೆ ಹೇಳಿಕೊಡು ಎಂದು ಕೇಳುವುದೇ? ಕೆಲಸ ಹೋದ ಮೇಲೆ ಅವಳೇ ಬಂದಾಳು, ಬಂದಾಗ ಗದರಿಸಿದಂತೆ ಕೇಳಿದರಾಯಿತು ಎಂದುಕೊಂಡೆ. ಪುಸ್ತಕ ತೆಗೆದು ಮೂವತ್ತರ ಸಾಲನ್ನು ಮತ್ತೆ ಮತ್ತೆ ಓದಿ ನಿಮ್ಮನ್ನು ಬೈದೆ. ನಿಮ್ಮನ್ನು ಬೈಯುವಷ್ಟು ಸುಲಭದ ಕೆಲಸ ಬೇರೆ ಇಲ್ಲ, ನೀವು ತಿರುಗಿ ಮಾತಾಡುವುದಿಲ್ಲ. ಅಷ್ಟರಲ್ಲಿ ತಾಯಿಕೊಳದ ನೀರು ಬಿಸಿಯೇರುತ್ತಿತ್ತು. ಬಲಿತ ಪೈರು ಗಟ್ಟಿ ಜೀವವೆಂದು ಹೇಳಿದೆನಲ್ಲ, ಅದಕ್ಕೂ ಒಂದು ಮಿತಿಯಿದೆ. ಹನ್ನೊಂದನೆಯ ಬೆಳಗ್ಗೆ ಕೊಳದ ತೆಂಕಣ ಮೂಲೆಯ ಪೈರು ಕೊಳೆತು ಮೇಲೆ ತೇಲುತ್ತಿತ್ತು. ಅಳೆದು ನೋಡಿದೆ. ಇನ್ನು ಹನ್ನೆರಡು ತೊಟ್ಟಿಗಾಗುವಷ್ಟೇ ಉಳಿದಿತ್ತು.

ಆ ಬೆಳಗ್ಗೆ ಹೋದೆ. ಮೂಕಾಂಬು ಒಳಜಗಲಿಯಲ್ಲಿ ಕೂತು ಹುರುಳಿ ಬೀಸುತ್ತಿದ್ದಳು. ನನ್ನನ್ನು ಕಂಡು ಬೀಸುಕಲ್ಲು ನಿಲ್ಲಿಸಲಿಲ್ಲ.

"ಬನ್ನಿ ಯಜಮಾನ್ತ್ರೆ. ಒಳ್ಗೆ ಒಂಚೂರ್ ಕತ್ಲಿ. ನಿಮ್ಗ್ ಕತ್ಲಿ ಅಂದ್ರೆ ಇಷ್ಟ ಅಲ್ದಾ?"

ನಾನು ಹೊಸ್ತಿಲ ಹೊರಗೇ ನಿಂತೆ. "ಮೂಕಾಂಬು, ನೀನ್ ದಿನಾ ಬಾಗ್ಲ್ ಎಷ್ಟ್ ಹೊತ್ತ್ ತೆಗ್ದಿಡ್ತಿದ್ದೆ?"

"ಎಂತಕ್ಕೆ? ನಿಮ್ ಪುಸ್ತಕದಂಗೆ ಬರ್ದಿಲ್ಯಾ?"

"ಬರ್ದಿಲ್ಲ."

"ಹಾಂಗಾರೆ ಅದ್ ಎಂತಾ ಪುಸ್ತಕ ಮಾರಾಯ್ರೆ," ಎಂದು ಅವಳು ಮತ್ತೊಂದು ಹಿಡಿ ಹುರುಳಿ ಹಾಕಿದಳು. ಬಹಳ ಹೊತ್ತು ಬೀಸಿದಳು. ಬಿಸಿಲು ನನ್ನ ಬೆನ್ನಿಗೆ ಬಡಿಯುತ್ತಿತ್ತು. ನೀರು ಬೇಕೇ ಎಂದು ಕೇಳಲಿಲ್ಲ, ನಾನು ಅವಳ ಜಾಗದಲ್ಲಿದ್ದರೂ ಕೇಳುತ್ತಿರಲಿಲ್ಲ. ಕೊನೆಗೆ ಹಿಟ್ಟನ್ನು ಕೈಯಿಂದ ಒಟ್ಟು ಮಾಡುತ್ತ, ನನ್ನ ಮುಖ ನೋಡದೆ ಹೇಳಿದಳು: "ನಮ್ಮಕ್ಕ ಉಪ್ಪಿನ್ ಹೊಂಡಕ್ಕೆ ಹೋಪತಿಗೆ ಬಾಗ್ಲ್ ಹತ್ರ ನಿಂತ್ಕಂತಿತ್ತ್. ಸೂರ್ಯ ಹುಟ್ಟುವತಿಗೆ ಬತ್ತಿತ್ತ್. ಅದ್ರದ್ದ್ ಒಂದ್ ಮಾತ್, ನಂದ್ ನಾಕ್ ಮಾತ್. ಬಿಸ್ಲ್ ಮೂರ್ನೇ ಮೆಟ್ಲಿಗ್ ಬಂದ್ರೆ ಅದ್ ಹೋತಿತ್ತ್, ನಾ ಬಾಗ್ಲ್ ಹಾಕ್ತಿದ್ದೆ. ಅಷ್ಟೊತ್ತಿಗ್ ನೀರ್ ಬೆಚ್ಚಗಾತಿತ್ತಲೆ, ಅದ್ಕೆ."

"ನೀರ್ ಬೆಚ್ಚಗಾದ್ದ್ ನಿಂಗ್ ಹ್ಯಾಂಗ್ ಗೊತ್ತಾತಿತ್ತ್?"

"ನೀವ್ ಗಾಜಿನ್ ಕಡ್ಡಿ ಹಾಕ್ತ್ರಿ, ನಾ ಕೈ ಹಾಕ್ತೆ. ಆ ಎರಡ್ ತೊಟ್ಟಿ ಬಟ್ಟೆಯೂ ಒಂಚೂರ್ ಮಡ್ಸಿಡ್ತಿದ್ದೆ. ಕೆಂಪ್ ಬಣ್ಣ ದಿನಾ ಗಟ್ಟಿ ಆಯ್ಕಂಡ್ ಬತ್ತಿತ್ತ್. ಕಾಂಬುಕೆ ಚಂದ ಆತಿತ್ತ್."

ಕಾಣಲು ಚೆಂದ! ಇದೇ ಕಾರಣ. ಬಿಸಿಲು ಮೂರನೆಯ ಮೆಟ್ಟಿಲಿಗೆ ಬರುವವರೆಗೆ, ಬೆಳಗಿನ ನೀರು ಇಪ್ಪತ್ತೆಂಟು ಡಿಗ್ರಿ ಇರುವ ಒಂದೂವರೆ ತಾಸು ಬೆಳಕು, ಅದು ಕಾಯತೊಡಗಿದ ಮೇಲೆ ಕತ್ತಲೆ. ನೀರು ತಂಪಾಗಿದ್ದಾಗ ಊಟ, ಕಾದಾಗ ನಿದ್ದೆ. ನಾವು ಮನುಷ್ಯರು ಮುಚ್ಚುಹೊತ್ತೆಂದು ದಿನವೂ ಮಾಡುವುದನ್ನೇ ಪೈರಿನ ಮಕ್ಕಳಿಗೂ ಮಾಡಬೇಕೆಂದು ಹದಿನೆಂಟು ವರ್ಷದ ಯಜಮಾನ್ತಿಗೆ ಹೊಳೆದಿರಲಿಲ್ಲ.

ಬಾ ಎಂದು ಕರೆದೆ. "ಬತ್ತೆ," ಎಂದಳು. "ಆರೆ ಬೀಜಮನಿ ಬೀಗದ್ ಕೈ ನನ್ ಹತ್ರ ಇರ್ಕ್. ಮತ್ತೆ ಆ ದಿನ ಯಾರ್ಯಾರ್ ಎದ್ರಿಗ್ ಬೈದ್ರಿಯೋ, ಅವ್ರ್ ಎದ್ರಿಗೇ ಒಂದ್ ಮಾತ್ ಹೇಳ್ಕ್."

"ಎಂತ ಹೇಳ್ಕ್?"

"ಅದ್ನೂ ನಾನೇ ಹೇಳ್ಕೊಡ್ಕಾ?"

ಮಾರನೆಯ ಬೆಳಗ್ಗೆ ಮೂರು ಬಂದರಿನವರನ್ನು ಬೀಜಮನೆಯ ಮೆಟ್ಟಿಲ ಬಳಿ ಕರೆಸಿದೆ. ಮೂಕಾಂಬು ಹೇಳಿದ್ದು ಸರಿ ಇತ್ತು, ಬಾಗಿಲ ಬಳಿಯ ಎರಡು ತೊಟ್ಟಿಯ ಹಗ್ಗದಲ್ಲಿ ಕೆಂಪು ಚುಕ್ಕಿ ಬದುಕಿತ್ತು, ನಾನು ನೋಡಲಿಲ್ಲ ಎಂದೆ. "ಜೋರಾಗ್ ಹೇಳಿ, ಹಿಂದಿದ್ದವ್ರಿಗ್ ಕೇಂತಿಲ್ಲ," ಎಂದಳು ಅವಳು. ಜೋರಾಗಿ ಹೇಳಿದೆ. ಬೀಗದ ಕೈ ಕೊಟ್ಟೆ. ಸೆರಗಿಗೆ ಕಟ್ಟಿಕೊಂಡು ಅವಳು ಒಳಗೆ ಹೋಗಿ ಮೊದಲ ತೊಟ್ಟಿಗೆ ಮೊಣಕೈವರೆಗೆ ಕೈ ಮುಳುಗಿಸಿದಳು. ಆ ದಿನದಿಂದ ಹನ್ನೆರಡು ತೊಟ್ಟಿಗಳ ಬೆಳಕು ಅವಳ ಕೈಯಲ್ಲಿ. ನಾನು ಗಾಜಿನ ಕಡ್ಡಿ ಹಿಡಿದು ಬೆನ್ನ ಹಿಂದೆ ನಿಂತು ಬರೆದುಕೊಂಡೆ. ನಿಮ್ಮ ಕೋಷ್ಟಕದ ಕೆಳಗೆ ಮೂವತ್ತೊಂದರ ಸಾಲು, ಮೂವತ್ತೆರಡರ ಸಾಲು, ಕಡೆಗೆ ಒಂದು ದಿನದ ಮೂವತ್ತಮೂರರ ಸಾಲನ್ನೂ ಸೇರಿಸಿದ್ದೇನೆ, ಸತ್ತ ತೊಟ್ಟಿಗಳನ್ನೂ ಸೇರಿಸಿ. ಅದರಲ್ಲಿ ಎಲ್ಲಿಯೂ 'ತೆರೆಯಲಾಯಿತು' ಎಂದಿಲ್ಲ. 'ಮೂಕಾಂಬು ಬಾಗಿಲು ತೆರೆದಳು' ಎಂದಿದೆ. 'ಸಾಧು ನೀರು ಚೆಲ್ಲಿಸಿದಳು' ಎಂದೂ ಇದೆ.

ಆದರೆ ಹನ್ನೆರಡು ತೊಟ್ಟಿ ಎಂದರೆ ಎರಡು ಬಂದರು. ಯಾರು ಬಿಡಬೇಕೆಂದು ಮಾತು ಎದ್ದಾಗ ಬಸವ ಖಾರ್ವಿಯೇ ಎದ್ದು ನಿಂತ. ಕೋಡಿಯ ನೀರು ಆಳವಿಲ್ಲದ್ದು, ಬೇಗ ಕಾಯುತ್ತದೆ, ತಡವಾಗಿ ಹುಟ್ಟಿದ ಎಳೆಯ ಪೈರು ಅಲ್ಲಿ ನಿಲ್ಲುವುದಿಲ್ಲ, ಬೇರೆ ಎರಡಕ್ಕೆ ಕೊಡಿ ಎಂದ. ಮಂದಿ ಚದುರಿದ ಮೇಲೆ ಅವನು ನನ್ನ ಹತ್ತಿರ ಬಂದ.

"ಸಾಧಕ್ಕ, ಆ ಕೆಂಪ್ ಚುಕ್ಕಿ ನೀವ್ ಕಂಡದ್ದ್ ಯಾವತ್ತ್?"

ಸುಳ್ಳು ಹೇಳಬಹುದಿತ್ತು. "ಮೂಕಾಂಬು ಮನೆಗ್ ಹೋಪುಕೆ ಹನ್ನೊಂದ್ ದಿನ ಮುಂಚೆ."

"ಹನ್ನೊಂದ್ ದಿನ ಎಂತ ಮಾಡ್ತಿದ್ರಿ?"

"ಮೂಕಾಂಬುವೇ ಬತ್ತ್ ಅಂತ ಕಾಯ್ತಿದ್ದೆ."

ಅವನು ತಲೆಯಾಡಿಸಿದ. ಸಿಟ್ಟು ಮಾಡಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಒಂದು ತಿಂಗಳಲ್ಲಿ ಕೋಡಿಯ ಅರವತ್ತೆರಡು ಮನೆಗಳವರು ಪಾತ್ರೆ ಪಗಡೆ ಕಟ್ಟಿಕೊಂಡು ಮೇಲ್ಘಟ್ಟಕ್ಕೆ, ಕಲ್ಲು ಕಡಿಯುವ ಕೆಲಸಕ್ಕೆ ಹೊರಟರು. ಹೋಗುವ ಮೊದಲು ತಮ್ಮ ಹಗ್ಗಗಳನ್ನೆಲ್ಲ ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಸುರುಳಿ ಸುತ್ತಿ ಬೀಜಮನೆಯ ಜಗಲಿಯಲ್ಲಿ ಇಟ್ಟು ಹೋದರು. ಕಡಲಿನವರು ಘಟ್ಟದಲ್ಲಿ ಹೇಗಿರುತ್ತಾರೆಂದು ಕೇಳಬೇಡಿ. ಮೊದಲ ಬೇಸಗೆಗೇ ಮೂವರು ಮುದುಕರು ಹೋದರೆಂದು ಸುದ್ದಿ ಬಂತು. ಬಸವನ ತಾಯಿ ಅವರಲ್ಲಿ ಒಬ್ಬಳು.

ಈ ವರ್ಷ ತಾಯಿಕೊಳ ತುಂಬಿದೆ. ಮೂಕಾಂಬು ಯಜಮಾನ್ತಿ, ನೀರು ಬದಲಿಸುವುದು ನಾನು. ಅವಳು ನನ್ನನ್ನು ಎಲ್ಲರ ಮುಂದೆ ಬೈಯುತ್ತಾಳೆ, ಹೆಚ್ಚಿನ ಸಲ ಸರಿಯಾಗಿಯೇ ಬೈಯುತ್ತಾಳೆ. ಹದಿನೆಂಟೂ ತೊಟ್ಟಿಗಳಿಗೆ ಬೀಜ ಹಿಡಿಸೋಣವೆಂದು ಹೇಳಿದವಳು ಅವಳೇ. ಕೋಡಿಯ ಆರು ತೊಟ್ಟಿಗಳಲ್ಲಿ ಕೋಡಿಯ ಹಗ್ಗವೇ ಇದೆ, ಪೈರು ಉಗುರುದ್ದ ಬೆಳೆದು ನೀರಿನೊಳಗೆ ಆಡುತ್ತಿದೆ. ಒಯ್ಯುವವರಿಲ್ಲ. ಘಟ್ಟಕ್ಕೆ ಎರಡು ಸಲ ಹೇಳಿ ಕಳಿಸಿದೆವು. ಹ್ಞೂಂ ಎಂದೂ ಬರಲಿಲ್ಲ, ಉಹ್ಞೂಂ ಎಂದೂ ಬರಲಿಲ್ಲ. ಇಂದು ಬೆಳಗ್ಗೆ ಮೂಕಾಂಬು ತೊಟ್ಟಿಯಿಂದ ಕೈ ತೆಗೆದು ಒರೆಸಿಕೊಳ್ಳುತ್ತ, "ಇನ್ ಒಂಬತ್ ದಿನ ಇರ್ತ್. ಮತ್ತೆ ಹಗ್ಗದಿಂದ ಕಳಚ್ಕಂತ್," ಎಂದಳು. ನನ್ನತ್ತ ತಿರುಗಿದಳು. "ಬೇರೆಯವ್ರ್ ಹೋದ್ರೆ ಬಪ್ಪುದಿಲ್ಲ ಅವ್ರ್."

ಹಾಗಾಗಿ ನಾಳೆ ಬೆಳಗ್ಗೆ ನಾನು ಹೊರಡುತ್ತೇನೆ. ಅವಳು ರೊಟ್ಟಿ ಕಟ್ಟಿಟ್ಟಿದ್ದಾಳೆ. ಬಿಸಿಲಿಲ್ಲದ ಹೊತ್ತಿನಲ್ಲಿ ಮಾತ್ರ ನಡೆದರೆ ಹತ್ತಲು ನಾಲ್ಕು ದಿನ, ಅವರನ್ನು ಕರೆದುಕೊಂಡು ಇಳಿಯಲು ನಾಲ್ಕು ದಿನ. ಬಸವ ಖಾರ್ವಿಯ ಎದುರು ನಿಂತು ಕೇಳಲು ನನಗಿರುವುದು ಒಂದು ದಿನ. ಏನು ಹೇಳಬೇಕೆಂದು ಇನ್ನೂ ಗೊತ್ತಿಲ್ಲ, ದಾರಿಯಲ್ಲಿ ಯೋಚಿಸಬೇಕು. ಈ ಓಲೆಯನ್ನು ಇಲ್ಲಿಗೆ ನಿಲ್ಲಿಸುತ್ತೇನೆ. ಇನ್ನಷ್ಟು ಬರೆಯಲು ಹೊತ್ತಿಲ್ಲ, ಹೊತ್ತಿದ್ದರೂ ಅದನ್ನು ನಿಮ್ಮ ಮೇಲೆ ಹಾಳು ಮಾಡುವವಳು ನಾನಲ್ಲ.

ಸಾಧು
ನೀರು ಬದಲಿಸುವವಳು, ಬೀಜಮನೆ